ಎಡ ಹೆಗಲಿನ ಅರಳೆ

ಸುಮಂಗಲಾ ಹೊಲಿದ ಜಂಪರು ತೊಟ್ಟ ಹೆಂಗಸಿನ ಮೈಯಲ್ಲಿ ಊನ ಹುಡುಕುವುದು ಕುಂದಗೋಳದ ಹತ್ತಿರದ ಯರಗುಪ್ಪಿಯಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಕೊಡ ಹೊತ್ತು ಹೊತ್ತು ಒಂದು ಹೆಗಲು ಇಳಿಬಿದ್ದವರು, ಬಾಣಂತನದಲ್ಲಿ ಸೊಂಟ ಹೋದವರು, ಗಂಟು ತೆಗೆಸಿಕೊಂಡು ಎದೆಯ ಒಂದು ಬದಿ ಬೋಳಾದವರು, ಎಲ್ಲರೂ ಅವಳ ಪಡಸಾಲೆಗೆ ಬರುತ್ತಿದ್ದರು. ಟೇಪು ಹಿಡಿಯುವ ಮೊದಲು ಅವಳು ಎರಡು ಹೆಜ್ಜೆ ಹಿಂದೆ ಸರಿದು, ತುಟಿ ಬಿಗಿಹಿಡಿದು ಸುಮ್ಮನೆ ನೋಡುತ್ತಿದ್ದಳು. ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂಬುದು ಅಷ್ಟರಲ್ಲೇ ಅವಳಿಗೆ ತಿಳಿದುಹೋಗುತ್ತಿತ್ತು. ಆಮೇಲೆ ತಗ್ಗಿದ್ದ ಕಡೆ ಬೆರಳಿಟ್ಟು ಅಳೆದು, ಸ್ವಂತ ಹೊಲದ ಹತ್ತಿಯ ಅರಳೆಯನ್ನು ಕೈಯಿಂದಲೇ ಹಿಂಜಿ, ಬಟ್ಟೆಗೂ ಅಸ್ತರಕ್ಕೂ ನಡುವೆ ತೆಳ್ಳಗೆ ಹಾಸಿ ಹೊಲಿಯುತ್ತಿದ್ದಳು. ತೊಟ್ಟವರಿಗೆ ಅದರ ಭಾರ ಗೊತ್ತಾಗುತ್ತಿರಲಿಲ್ಲ, ನೋಡಿದವರಿಗೆ ತಗ್ಗು ಕಾಣುತ್ತಿರಲಿಲ್ಲ.

ಬಾಜು ಮನೆಯ ಖಾಸಿಂಬಿ ಒಮ್ಮೆ ಹೊಸ ಜಂಪರು ತೊಟ್ಟುಕೊಂಡೇ ಹೇಳಲು ಬಂದಿದ್ದಳು. "ಏ ಸುಮಂಗಲಾ, ಏನ ಮಾಡಿಟ್ಟಿ ಬೇ ನೀ? ನಮ್ಮನ್ಯಾಂವ ಬಾಗಲದಾಗ ನನ್ನ ನೋಡಿ, ಯಾರೋ ಬೀಗರು ಬಂದಾರಂತ ತಿಳದು ಸಲಾಂ ಹೊಡದ!"

"ಚಲೋ ಆತಲ್ಲ, ಮೂವತ್ತ ವರ್ಷಕ್ಕ ಒಂದ ಸಲಾಂ ಸಿಕ್ತು ನಿನಗ," ಎಂದು ಸುಮಂಗಲಾ ದಾರ ಕಡಿಯುತ್ತ ನಕ್ಕಿದ್ದಳು.

ಸುಮಂಗಲಾಳನ್ನು ಕೊಟ್ಟದ್ದು ಸೋದರಮಾವನಿಗೆ. ಕೃಷ್ಣಾಜಿ ಅವಳ ತಾಯಿಯ ತಮ್ಮ, ಹೊಲ ಬಿಟ್ಟರೆ ಬೇರೆ ಗೊತ್ತಿಲ್ಲದ ಮಿತಭಾಷಿ. ಅವನ ತಾಯಿ ಅನ್ನಪೂರ್ಣಾಬಾಯಿ ಅವಳಿಗೆ ಅತ್ತೆಯಾಗುವ ಮೊದಲೇ ಆಯಿ, ತಾಯಿಯ ತಾಯಿ. ಹೋದ ಮನೆಯೂ ಹುಟ್ಟಿದ ಮನೆಯ ಹಾಗೆಯೇ ಇದ್ದದ್ದರಿಂದ ಸುಮಂಗಲಾ ಮದುವೆಯ ದಿನ ಅಳಲೂ ಇಲ್ಲ ಎಂದು ಊರವರು ಆಡಿಕೊಳ್ಳುತ್ತಿದ್ದರು. ಅತ್ತದ್ದು ಮಗಳು ಊರ್ಮಿಳಾಗೆ ಒಂದೂವರೆ ವರ್ಷವಾದಾಗ. ಕೂಸು ಎಂಟು ತಿಂಗಳಿಗೆ ಕೂತಿತ್ತು, ಬೇಗ ಮಾತೂ ಕಲಿತಿತ್ತು, ಆದರೆ ಎಷ್ಟು ಹಿಡಿದು ನಿಲ್ಲಿಸಿದರೂ ಕಾಲು ಊರಲಿಲ್ಲ. ಹುಬ್ಬಳ್ಳಿಯ ದವಾಖಾನೆಯವರು ರಕ್ತ ತೆಗೆದು ದೂರದ ಊರಿಗೆ ಕಳಿಸಿದರು. ತಿಂಗಳ ಮೇಲೆ ಉತ್ತರ ಬಂತು. ಬೆನ್ನುಹುರಿಯಿಂದ ಸ್ನಾಯುಗಳಿಗೆ ಹೋಗುವ ನರಗಳು ಸೊರಗುವ ಕಾಯಿಲೆ. ತಂದೆಯ ಕಡೆಯಿಂದ ಒಂದು ಪಾಲು, ತಾಯಿಯ ಕಡೆಯಿಂದ ಒಂದು ಪಾಲು ಕೂಡಿ ಬಂದದ್ದು. ಹುಡುಗಿ ನಡೆಯುವುದಿಲ್ಲ. ಬುದ್ಧಿಗೆ ಏನೂ ಕೊರತೆಯಿಲ್ಲ.

ಬುದ್ಧಿಗೆ ಕೊರತೆಯಿಲ್ಲ ಎಂಬುದನ್ನು ಊರ್ಮಿಳಾ ತಾನೇ ಎಲ್ಲರಿಗೂ ತೋರಿಸಿಕೊಟ್ಟಳು. ಕೃಷ್ಣಾಜಿ ದಿನಾ ಅವಳನ್ನು ಎತ್ತಿಕೊಂಡು ಹೋಗಿ ಶಾಲೆಯ ಕೈಯಿರುವ ಕುರ್ಚಿಯಲ್ಲಿ ಕೂರಿಸಿ ಬರುತ್ತಿದ್ದ. ಮಾಸ್ತರರು ಹಾಜರಿ ಪುಸ್ತಕ ತೆರೆದರೆ, "ಸರ, ನನ್ನ ಹಾಜರಿ ಮೊದಲ ಹಾಕಿಬಿಡ್ರಿ, ನಾ ಏನ ಓಡಿ ಹೋಗಂಗಿಲ್ಲ," ಎನ್ನುತ್ತಿದ್ದಳು. ಇಡೀ ವರ್ಗ ನಗುತ್ತಿತ್ತು.

ಏಳು ತುಂಬಿದ ವರ್ಷ ಸುಮಂಗಲಾಳ ಕಣ್ಣಿಗೆ ಅದು ಬಿತ್ತು. ಹಿಂದಿನಿಂದ ನೋಡಿದರೆ ಮಗಳ ಎಡ ಹೆಗಲು ಒಂದು ನೂಲಿನಷ್ಟು ಕೆಳಗೆ. ಬೇರೆ ಯಾವ ತಾಯಿಗೂ ಅದು ಅಷ್ಟು ಬೇಗ ಕಾಣುತ್ತಿರಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಎಲುಬಿನ ಡಾಕ್ಟರರು ಬೆನ್ನಿನ ಎಕ್ಸರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು.

"ಈ ಬ್ಯಾನಿಯೊಳಗ ಬೆನ್ನ ಹಿಡಕೊಂಡ ನಿಲ್ಲೋ ಸ್ನಾಯುಕ್ಕ ಶಕ್ತಿ ಇರೂದಿಲ್ರಿ. ಹುಡುಗಿ ಬೆಳದಂಗ ಬೆನ್ನ ಒಂದ ಕಡೆ ಬಾಗ್ತದ. ಆರ ತಿಂಗಳಿಗೊಮ್ಮೆ ತಪ್ಪದ ಕರಕೊಂಡ ಬರ್ರಿ. ಕೂಡಲಿಕ್ಕೆ ಆಸರ ಇರ್ಲಿ ಅಂತ ಬೆಲ್ಟ್ ಕೊಡ್ತೇವಿ, ಆದ್ರ ಅದರಿಂದ ಬಾಗೂದು ನಿಲ್ಲೂದಿಲ್ಲ. ಹತ್ತ ಹನ್ನೊಂದಕ್ಕ, ಉಸಿರಿನ ಶಕ್ತಿ ಇನ್ನೂ ಚಲೋ ಇದ್ದಾಗ, ಆಪರೇಶನ್ ಮಾಡಬೇಕಾಗ್ತದ. ಕುತಗಿ ಬುಡದಿಂದ ಸೊಂಟದ ಎಲುಬಿನ ತನಕ ಎರಡ ಸರಳು ಕೂಡಿಸಿ, ಸ್ಕ್ರೂ ಹಾಕಿ ಬೆನ್ನ ನೆಟ್ಟಗ ನಿಲ್ಲಸ್ತೇವಿ."

ಕೃಷ್ಣಾಜಿ ಅಂದು ಆಡಿದ್ದು ಒಂದೇ ಮಾತು. "ಆಮ್ಯಾಲ ನಡೀತಾಳೇನ್ರಿ?"

"ಇಲ್ಲ. ನೆಟ್ಟಗ ಕೂಡ್ತಾಳ. ಉಸಿರಾಡಲಿಕ್ಕೆ ಎದಿಯೊಳಗ ಜಾಗಾ ಉಳೀತದ."

ತಿರುಗಿ ಬರುವಾಗ ಬಸ್ಸಿನಲ್ಲಿ ಅನ್ನಪೂರ್ಣಾಬಾಯಿ ಮೊಮ್ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಒಂದೇ ಸಮನೆ ಗೊಣಗಿದಳು. "ನಡಿಯೂದಿಲ್ಲಂದ ಮ್ಯಾಲ ಸೀಳೂದ್ಯಾಕ ಬೇ? ಹೂವಿನಂಥಾ ಬೆನ್ನಿಗೆ ಕಬ್ಬಿಣ ಹೆಟ್ಟತಾರಂತ! ಕೂಸ ಐತೋ, ಚಪ್ಪರ ಐತೋ?"

ಸುಮಂಗಲಾಳ ತಲೆಯಲ್ಲಿ ಉಳಿದದ್ದು ಸರಳು, ಸ್ಕ್ರೂ ಎಂಬ ಎರಡು ಮಾತು. ಆರು ತಿಂಗಳು ಎಂಬುದು ಆಗಲೇ ಮಸುಕಾಗತೊಡಗಿತ್ತು.

ಬೆಲ್ಟು ಎಂದರೆ ಕಂಕುಳಿನಿಂದ ಸೊಂಟದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಬೇಸಿಗೆಯಲ್ಲಿ ಅದರೊಳಗೆ ಮಗುವಿನ ಮೈ ಬೆಂದು ಕೆಂಪಾಗುತ್ತಿತ್ತು. ಸುಮಂಗಲಾ ಅದನ್ನು ಕೈಯಲ್ಲಿ ಹಿಡಿದು ಒಳಗೂ ಹೊರಗೂ ತಿರುಗಿಸಿ ನೋಡಿದಳು. ಇದನ್ನು ಮಾಡಿದವನಿಗೆ ಮೈ ಗೊತ್ತಿಲ್ಲ ಎನ್ನಿಸಿತು. ಕಂಕುಳಲ್ಲಿ ಒತ್ತುತ್ತದೆ, ಸೊಂಟದಲ್ಲಿ ಸಡಿಲ. ತನ್ನ ಹತ್ತಿರ ಕಲಿಯಲು ಬಂದ ಹುಡುಗಿ ಹೀಗೆ ಕತ್ತರಿಸಿದ್ದರೆ ಬಿಚ್ಚಿ ಮತ್ತೆ ಹೊಲಿ ಎನ್ನುತ್ತಿದ್ದಳು. ಎರಡು ತಿಂಗಳಿಗೆ ಕವಚ ಅಟ್ಟ ಸೇರಿತು.

ಆ ವರ್ಷ ಶ್ರಾವಣ ಬರುವ ಮೊದಲು ಅಣ್ಣಿಗೇರಿಯಲ್ಲಿ ಬಳಗದವರ ಮದುವೆ. ಊರ್ಮಿಳಾಳನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಊಟದ ಪಂಕ್ತಿಯಿಂದ ಎದ್ದು ಬಂದ ಹಿರಿಯಳೊಬ್ಬಳು ಹುಡುಗಿಯ ಎದುರಿಗೇ, "ಅಯ್ಯ ಶಿವನ, ಕಾಲಂತೂ ಇಲ್ಲ, ಈಗ ಗೂನ ಬ್ಯಾರೆ ಬರಾಕತ್ತೈತೇನ?" ಎಂದಳು. ಊರ್ಮಿಳಾ ಮುಖ ತಗ್ಗಿಸಿದಳು. ಮನೆಗೆ ಬಂದವಳೇ ಕೇಳಿದಳು, "ಅವ್ವಾ, ಖಾಸಿಂಬಿ ಕಾಕಿಗೆ ಮಾಡಿದ್ಯಲ್ಲ, ಹಂಗ ನನಗೂ ಮಾಡ್ತೀಯೇನ?"

ಪಂಚಮಿಗೆ ಸುಮಂಗಲಾ ಫ್ರಾಕು ಹೊಲಿದಳು. ಎಡ ಹೆಗಲಿಗೂ ಅದರ ಕೆಳಗಿನ ಬೆನ್ನಿನ ತಗ್ಗಿಗೂ ಒಂದು ಬೆರಳು ದಪ್ಪ ಅರಳೆ, ಮೇಲೆ ಅಗಲವಾದ ಕಾಲರು, ಎದೆಯ ಸುತ್ತ ನಿರಿಗೆ. ಕೂರುವಾಗ ಎಡಗಡೆಗೆ ಇಡಲು ಒಂದು ಸಣ್ಣ ದಿಂಬು. ತೊಡಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮಗಳು ಗೊಂಬೆಯ ಹಾಗೆ ನೆಟ್ಟಗೆ ಕೂತಿದ್ದಳು. ತಾನು ಇಷ್ಟು ವರ್ಷ ಈ ಕೆಲಸ ಕಲಿತದ್ದು ಇದಕ್ಕಾಗಿಯೇ ಎಂದು ಅವಳಿಗೆ ಅನ್ನಿಸಿತು. ಕೃಷ್ಣಾಜಿ ಹೊಲದಿಂದ ಬಂದವನು ಬಾಗಿಲಲ್ಲೇ ನಿಂತು, ಬಹಳ ಹೊತ್ತು ನೋಡಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋದ.

ಮೊದಲ ಆರು ತಿಂಗಳಿಗೆ ಹತ್ತಿ ಬಿಡಿಸುವ ಕಾಲ ಬಂತು, ಹೋಗಲಾಗಲಿಲ್ಲ. ಎರಡನೆಯ ಆರು ತಿಂಗಳಿಗೆ ಸಾಂಕ್ರಾಮಿಕ ರೋಗದ ಭಯದಿಂದ ಬಸ್ಸುಗಳೇ ನಿಂತವು, ದವಾಖಾನೆಗೆ ಬರಬೇಡಿ ಎಂದು ಅವರೇ ಹೇಳುತ್ತಿದ್ದ ಕಾಲ. ಬಸ್ಸು ತಿರುಗಿ ಶುರುವಾದಾಗ ಹುಬ್ಬಳ್ಳಿಯ ಹೆಸರೆತ್ತುವುದೇ ಅವಳಿಗೆ ಕಷ್ಟವಾಯಿತು. ಹೋದರೆ ಸರಳಿನ ಮಾತು ಬರುತ್ತದೆ. ಹೋಗದಿದ್ದರೆ ಹಬ್ಬಕ್ಕೊಂದು ಹೊಸ ಫ್ರಾಕು ಬರುತ್ತದೆ, ಮಗಳು ನೆಟ್ಟಗೆ ಕೂರುತ್ತಾಳೆ.

ವರ್ಷಕ್ಕೊಮ್ಮೆ ಶಾಲೆಗೆ ಮಕ್ಕಳನ್ನು ನೋಡಲು ಡಾಕ್ಟರಮ್ಮ ಬರುತ್ತಿದ್ದಳು. ಅಂದು ಸುಮಂಗಲಾ ತಾನೇ ಹೋಗಿ ಮಗಳ ಪಕ್ಕ ನಿಲ್ಲುತ್ತಿದ್ದಳು. ಸಾಲಿನಲ್ಲಿ ನೂರು ಮಕ್ಕಳು.

"ಬೆನ್ನ ಹೆಂಗೈತ್ರಿ?"

"ಚಲೋ ಐತ್ರಿ. ಹುಬ್ಬಳ್ಯಾಗ ತೋರಸಾಕತ್ತೇವ್ರಿ."

ಡಾಕ್ಟರಮ್ಮ ಕೂತ ಹುಡುಗಿಯನ್ನೊಮ್ಮೆ ನೋಡಿ, ಫ್ರಾಕು ಚಂದ ಇದೆ ಎಂದು ಕೆನ್ನೆ ಮುಟ್ಟಿ ಮುಂದಿನ ಮಗುವಿಗೆ ಹೋಗುತ್ತಿದ್ದಳು. ಡಾಕ್ಟರರ ಕಣ್ಣಿಗೂ ಕಾಣಲಿಲ್ಲವಲ್ಲ ಎಂದು ಸುಮಂಗಲಾ ಒಳಗೇ ಹಿಗ್ಗುತ್ತಿದ್ದಳು. ಅವಳು ಎಂದೂ ಶಾಲೆಯಲ್ಲಿ ಮೊದಲನೆಯವಳಾಗಿ ಪಾಸಾದವಳಲ್ಲ. ಅಂದು ಪಾಸಾದ ಹಾಗೆ ಮನೆಗೆ ಬರುತ್ತಿದ್ದಳು.

ಹಾಗೆಂದು ಅವಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ದಿನಾ ಮಗಳಿಗೆ ನೀರೆರೆಯುವವಳು ಅವಳೇ. ಬಚ್ಚಲಿನಲ್ಲಿ ಮಗಳ ಬರಿಮೈ ಮಣೆಯ ಮೇಲೆ ಒಂದು ಕಡೆಗೆ ಕುಸಿಯುವುದು, ಬಲಗಡೆ ಪಕ್ಕೆಲುಬು ದಿಣ್ಣೆಯಂತೆ ಎದ್ದು ನಿಲ್ಲುವುದು, ಎಡಗಡೆ ಪಕ್ಕೆ ಸೊಂಟದ ಎಲುಬಿಗೆ ಹೋಗಿ ತಾಗುವುದು, ಎಲ್ಲ ಅವಳ ಕೈಗೆ ಗೊತ್ತಿತ್ತು. ಎರೆದು, ಒರೆಸಿ, ಅಂಗಿ ತೊಡಿಸಿಬಿಟ್ಟರೆ ಮುಗಿಯಿತು. ಬಚ್ಚಲಿನಲ್ಲಿ ಕಂಡದ್ದನ್ನು ಅವಳು ಬಚ್ಚಲಿನಲ್ಲೇ ಬಿಟ್ಟು ಬರುತ್ತಿದ್ದಳು.

ಊರ್ಮಿಳಾಗೆ ಹನ್ನೆರಡು ನಡೆಯುತ್ತಿದ್ದಾಗ, ಮಳೆಗಾಲ ಮುಗಿಯುವ ಹೊತ್ತಿಗೆ ನೆಗಡಿ ಹತ್ತಿತು. ನೆಗಡಿ ಎದೆಗಿಳಿಯಿತು. ಕೆಮ್ಮಲು ಶಕ್ತಿ ಸಾಲದೆ ಹುಡುಗಿ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದಳು. ಖಾಸಿಂಬಿ ಕಷಾಯ ಮಾಡಿಕೊಂಡು ಬಂದವಳು, ಬೆನ್ನು ತಿಕ್ಕಲೆಂದು ಅಂಗಿಯೊಳಗೆ ಕೈ ಹಾಕಿದಳು. ಹಾಕಿದ ಕೈಯನ್ನು ಹಾಗೆಯೇ ಹಿಂದಕ್ಕೆ ತೆಗೆದಳು.

"ಯಾ ಅಲ್ಲಾ. ಸುಮಂಗಲಾ, ಇದೇನ ಬೇ ಇದು?"

"ಅರಳಿ," ಎಂದಳು ಸುಮಂಗಲಾ.

"ಅರಳಿ ಅಲ್ಲ, ಅದರ ಬುಡಕ. ಇದೇನ?" ಖಾಸಿಂಬಿಯ ದನಿ ಏರಿತು. "ಗಾಡಿ ತರಸು. ಈಗಿಂದೀಗ ಹುಬ್ಬಳ್ಳಿಗೆ ನಡಿ. ಏ ಕೃಷ್ಣಾಜಿ, ಅಲ್ಲೇನ ನೋಡ್ಕೊಂತ ನಿಂತಿ, ಕೂಸಿನ್ನ ಎತ್ತ!"

ಹನ್ನೊಂದು ದಿನ ಮೂಗಿಗೆ ಗಾಳಿಯ ನಳಿಗೆ ಹಾಕಿ ದವಾಖಾನೆಯಲ್ಲಿ ಇಟ್ಟುಕೊಂಡರು. ಎದೆ ತಿಳಿಯಾದ ಮೇಲೆ ಅದೇ ಎಲುಬಿನ ಡಾಕ್ಟರರು ಬಂದರು. ಕೂದಲು ಅರ್ಧ ಬೆಳ್ಳಗಾಗಿತ್ತು. ಹೊಸ ಎಕ್ಸರೇಯನ್ನು ಬೆಳಕಿಗೆ ಹಿಡಿದರು. ಬೆನ್ನಿನ ಎಲುಬು ಕುಡುಗೋಲಿನಂತೆ ಒಂದು ಬದಿಗೆ ಹೋಗಿ, ತಿರುಗಿ, ಮತ್ತೆ ಸೊಂಟಕ್ಕೆ ಬಂದಿತ್ತು. ಬಾಗು ನೂರು ಡಿಗ್ರಿಗೂ ಮೇಲೆ ಎಂದರು. ಊದುವ ನಳಿಗೆಯಲ್ಲಿ ಹುಡುಗಿ ಊದಿದ ಉಸಿರು, ಆ ಎತ್ತರದ ಮಕ್ಕಳು ಊದುವುದರಲ್ಲಿ ನೂರಕ್ಕೆ ಇಪ್ಪತ್ತನಾಲ್ಕು ಪಾಲು.

"ಇದು ಯಾವಾಗಿಂದ ಇಷ್ಟ ಹೆಚ್ಚಾತು, ಏನರ ನೆನಪದನ್ರಿ?" ಎಂದು ಅವರು ಕೇಳಿದರು. ಇಂಥ ಪ್ರಶ್ನೆಗೆ ತಂದೆತಾಯಿಗಳು ಗೊತ್ತಿಲ್ಲ ಎನ್ನುವುದೇ ಅವರಿಗೆ ರೂಢಿ ಇದ್ದಿರಬೇಕು, ಉತ್ತರಕ್ಕೆ ಕಾಯದೆ ಕಾಗದ ತಿರುವುತ್ತಿದ್ದರು.

ಸುಮಂಗಲಾ ಹೇಳಿದಳು. "ಮೊದಲನೇ ವರ್ಷ ಪಂಚಮಿಗೆ ಒಂದ ಬೆರಳಿತ್ರಿ. ದೀಪಾವಳಿಗೆ ಒಂದೂವರಿ. ಮುಂದ ಉಗಾದಿಗೆ ಎರಡ. ಅಲ್ಲಿಂದ ಎರಡ ವರ್ಷ ಎರಡರ ಮ್ಯಾಲ ನಿಂತಿತ್ರಿ. ಆಕೀಗೆ ಹತ್ತ ತುಂಬಿದ ವರ್ಷ ಶೀಗಿ ಹುಣ್ಣಿಮಿಗೆ ಮೂರಾತು. ಸಂಕ್ರಾಂತಿಗೆ ನಾಕ. ಆಮ್ಯಾಲ ಬೆರಳಿಲೆ ಅಳಿಯೂದ ಬಿಟ್ಟೆರಿ. ಮುಷ್ಟಿಲೆ ಅಳದೆ."

ಡಾಕ್ಟರರ ಕೈ ನಿಂತಿತು. "ಏನ ಅಳದ್ರಿ?"

"ಅರಳಿ. ಎಡಗಡೆ ತಗ್ಗಿಗೆ ಹಾಕೂ ಅರಳಿರಿ."

ಅವರು ಕುರ್ಚಿ ಎಳೆದುಕೊಂಡು ಕೂತರು. ಮತ್ತೊಮ್ಮೆ ಹೇಳಿಸಿ, ಹಬ್ಬಗಳಿಗೆ ತಿಂಗಳು ಹಾಕಿ, ಬೆರಳುಗಳನ್ನು ಕಾಗದದ ಮೇಲೆ ಬರೆದುಕೊಂಡರು.

"ನಮ್ಮ ಕಡೆ ಎಕ್ಸರೇ ಫೋಟೋ ತಗಸಿದವರದೂ ಇಷ್ಟ ಚಂದ ಲೆಕ್ಕ ಇರೂದಿಲ್ಲ ತಾಯಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. "ಶೀಗಿ ಹುಣ್ಣಿಮಿ, ಮೂರ ಬೆರಳು. ಅವತ್ತ ಬಂದಿದ್ರ ಆಪರೇಶನ್ ಆಗ್ತಿತ್ತು. ಯಾಕ ಬರ್ಲಿಲ್ಲ?"

ಸುಮಂಗಲಾ ಸೆರಗಿನ ತುದಿ ಹಿಡಿದು ನಿಂತಿದ್ದಳು. ಹೇಳಲು ಬೇಕಾದಷ್ಟಿತ್ತು: ಬಸ್ಸು, ಹತ್ತಿ, ಆಯಿಯ ಮಾತು, ಕಬ್ಬಿಣದ ಸರಳು. ಬಾಯಿಗೆ ಬಂದದ್ದು ಒಂದೇ.

"ಅಂಗಿ ಸರಿ ಕುಂತಿತ್ರಿ."

ಹಾಸಿಗೆಯ ಮೇಲೆ ಮಲಗಿದ್ದ ಊರ್ಮಿಳಾ ಎಲ್ಲವನ್ನೂ ಕೇಳಿಸಿಕೊಂಡಳು. ತನ್ನ ಬೆನ್ನು ಬಾಗುತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಅವ್ವ ಅದನ್ನು ಬೆರಳು ಬೆರಳಾಗಿ ಎಣಿಸುತ್ತಿದ್ದಳು ಎಂಬುದು ಗೊತ್ತಿರಲಿಲ್ಲ.

ಈಗ ಮಾಡಿದರೆ ಏನಾಗುತ್ತದೆ ಎಂದು ಡಾಕ್ಟರರು ಮುಚ್ಚಿಡದೆ ಹೇಳಿದರು. ಏಳೆಂಟು ತಾಸು ಅರಿವಳಿಕೆ ಕೊಟ್ಟು ಕವುಚಿ ಮಲಗಿಸಬೇಕು. ಇಷ್ಟು ಸಣ್ಣ ಉಸಿರಿನ ಮಗು ಆಮೇಲೆ ಉಸಿರಿನ ಯಂತ್ರದಿಂದ ಹೊರಗೆ ಬರಲಿಕ್ಕಿಲ್ಲ. ಮೂರು ತಿಂಗಳು ನೋಡೋಣ. ಮಲಗುವಾಗ ಮುಖಕ್ಕೆ ಗಾಳಿಯ ಮುಖವಾಡ, ದಿನಕ್ಕೆ ನಾಲ್ಕು ಸಲ ಎದೆಗೆ ಗಾಳಿ ತುಂಬುವ ಕಸರತ್ತು. ಉಸಿರಿನ ಆ ಇಪ್ಪತ್ತನಾಲ್ಕು ಪಾಲು ಮೂವತ್ತರ ಹತ್ತಿರ ಬಂದರೆ ಅರಿವಳಿಕೆಯ ಡಾಕ್ಟರು ಒಪ್ಪಬಹುದು.

ಆ ಮೂರು ತಿಂಗಳು ಸುಮಂಗಲಾ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಮೂಲೆಗಿಟ್ಟಳು. ರಬ್ಬರಿನ ಚೀಲ ಹಿಸುಕಿ ಮಗಳ ಎದೆಗೆ ಗಾಳಿ ತುಂಬುವುದು, ಹಿಡಿದುಕೋ ಎನ್ನುವುದು, ಮತ್ತೆ ತುಂಬುವುದು, ಬಿಡು ಎನ್ನುವುದು. ನಾಲ್ಕು ಸಲ ಎಂದಿದ್ದರು, ಅವಳು ಎಂಟು ಸಲ ಮಾಡಿದಳು. ಊರ್ಮಿಳಾ ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು, ತಾಯಿಯ ಕಡೆ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ, "ಅವ್ವಾ, ನೀ ಆಯಿಗಾದ್ರೂ ಹೇಳಿದ್ಯೇನ?" ಎಂದು ಕೇಳಿದಳು.

"ಏನ?"

"ಬೆರಳಿಂದು."

"ಇಲ್ಲ."

"ಅಪ್ಪಗ?"

ಸುಮಂಗಲಾ ತಲೆಯಾಡಿಸಿದಳು. ಊರ್ಮಿಳಾ ಗೋಡೆಯ ಕಡೆ ಮುಖ ಮಾಡಿದಳು. ಅಡುಗೆಮನೆಯಲ್ಲಿ ಅನ್ನಪೂರ್ಣಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಚಪ್ಪರದ ಮಾತು ಆಡಿದವಳು ಆ ದಿನದಿಂದ ಈಚೆಗೆ ಯಾವ ವಿಷಯಕ್ಕೂ ಬಾಯಿ ಹಾಕಲಿಲ್ಲ.

ಮೂರು ತಿಂಗಳಿಗೆ ಸರಿಯಾಗಿ ಹೋದರು. ಊರ್ಮಿಳಾ ನಳಿಗೆ ಬಾಯಿಗಿಟ್ಟುಕೊಂಡು ಕಣ್ಣು ಕೆಂಪಾಗುವ ತನಕ ಊದಿದಳು. ಮೂರು ಸಲ ಊದಿಸಿದರು. ಇಪ್ಪತ್ತೊಂದು.

ಎಲುಬಿನವರೂ ಅರಿವಳಿಕೆಯವರೂ, ಇಬ್ಬರೂ ಡಾಕ್ಟರರು ಒಳಗೆ ಮಾತಾಡಿಕೊಂಡು ಹೊರಗೆ ಬಂದರು. ಎಲುಬಿನ ಡಾಕ್ಟರರೇ ಹೇಳಿದರು. "ಮಾಡಲಿಕ್ಕೆ ಬರೂದಿಲ್ರಿ. ನಮ್ಮ ಕೈಯಾಗ ಉಳದಿಲ್ಲ."

ಸುಮಂಗಲಾ ಹೊರಗಿನ ಪಡಸಾಲೆಯಲ್ಲಿ, ಅಷ್ಟು ಜನ ರೋಗಿಗಳ ನಡುವೆ, ಅವರ ಕಾಲು ಹಿಡಿದು ಕೂತುಬಿಟ್ಟಳು. "ಎಲ್ಲಿ ಬೇಕಾರ ಸಹಿ ಮಾಡ್ತೇನ್ರಿ. ಏನಾದ್ರೂ ಆಗ್ಲಿ, ನಿಮ್ಮನ್ನ ಕೇಳೂದಿಲ್ಲ. ಸೀಳ್ರಿ. ಸರಳು ಹಾಕ್ರಿ. ನಾ ತಪ್ಪ ಮಾಡೇನಿ, ಕೂಸ ಏನ ಮಾಡೈತ್ರಿ?"

"ಏಳ್ರಿ ತಾಯಿ. ನೀವ ಸಹಿ ಮಾಡಬಹುದು, ನಾ ಮಾಡಂಗಿಲ್ಲ."

ಗಾಲಿ ಮಂಚದ ಮೇಲಿಂದ ಊರ್ಮಿಳಾ ಕರೆದಳು. "ಅವ್ವಾ, ಏಳು. ಮಂದಿ ನೋಡಾಕತ್ತಾರ."

ಸುಮಂಗಲಾ ಏಳಲಿಲ್ಲ. ಕೃಷ್ಣಾಜಿ ಬಗ್ಗಿ, ರಟ್ಟೆ ಹಿಡಿದು, ಮಗಳನ್ನು ಎತ್ತಿದ ಹಾಗೆಯೇ ಅವಳನ್ನೂ ಎತ್ತಿದ.

ಈಗ ಊರ್ಮಿಳಾಗೆ ಹದಿಮೂರು. ಕೂರುವುದು ನಿಂತುಹೋಗಿದೆ. ಹತ್ತು ನಿಮಿಷ ಕೂರಿಸಿದರೆ ಪಕ್ಕೆಲುಬು ಸೊಂಟಕ್ಕೆ ಒತ್ತಿ ಬೆವರುತ್ತಾಳೆ. ಶಾಲೆಯ ಕುರ್ಚಿಯನ್ನು ಬೇರೆ ಮಕ್ಕಳು ಬಳಸುತ್ತಾರೆ. ಪಡಸಾಲೆಯ ಮಂಚದಲ್ಲಿ ಮಲಗಿರುತ್ತಾಳೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಉಬ್ಬಿದ ಕಡೆ ಚರ್ಮ ಸುಲಿಯುತ್ತದೆ. ಕೆಮ್ಮು ಬಂದ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸುಮಂಗಲಾ ಮತ್ತೆ ಹೊಲಿಯಲು ಕೂತಿದ್ದಾಳೆ, ಆದರೆ ಬರಿಯ ಲಂಗ, ದಿಂಬಿನ ಚೀಲ, ಶಾಲೆಯ ಮಕ್ಕಳ ಬಟ್ಟೆ. ಜಂಪರು ಹೊಲಿಯುವುದಿಲ್ಲ ಎಂದು ಹೇಳಿ ಕಳಿಸುತ್ತಾಳೆ. ಕೈ ಹೋಗಿದೆಯಂತೆ ಎಂದು ಊರಲ್ಲಿ ಮಾತು.

ಹೋದ ಮಾಘದಲ್ಲಿ ಕಲಘಟಗಿ ಕಡೆಯ ತಂಬೂರು ಎಂಬ ಊರಿನಿಂದ ಒಬ್ಬ ಹೆಂಗಸು ಹುಡುಕಿಕೊಂಡು ಬಂದಳು. ರಾಜಮಾಬಿ ಎಂದು ಹೆಸರು. ಕಂಕುಳಲ್ಲಿ ಆರು ವರ್ಷದ ಹುಡುಗಿ, ಕಾಲು ತೆಳ್ಳಗೆ ಜೋತುಬಿದ್ದಿದ್ದವು. ಹುಡುಗಿಯನ್ನು ಪಡಸಾಲೆಯಲ್ಲಿ ಕೂರಿಸಿದಳು. ಸುಮಂಗಲಾ ನೋಡಬಾರದೆಂದರೂ ಕಣ್ಣು ನೋಡಿತು. ಬಲ ಹೆಗಲು, ಒಂದು ನೂಲು ಕೆಳಗೆ.

"ನೀವು ಅರಳಿ ಹಾಕಿ ಅಂಗಿ ಹೊಲಿತೀರಂತಲ್ಲಕ್ಕಾ, ಬೆನ್ನ ನೆಟ್ಟಗ ಕಾಣೂವಂಗ. ಡಾಕ್ಟರು ಏನೇನೋ ಹೇಳಿ ಹೆದರಸ್ಯಾರ. ಮನ್ಯಾಗ ಮದಿವಿ ಐತಿ, ಮಂದಿ ಬರ್ತಾರ."

"ಹುಬ್ಬಳ್ಳಿಗೆ ಕರಕೊಂಡ ಹೋಗವಾ," ಎಂದಳು ಸುಮಂಗಲಾ. "ಇವತ್ತ ಹೋಗು. ಆರ ತಿಂಗಳಿಗೊಮ್ಮೆ ಬಾ ಅಂದ್ರ ಹೋಗು. ಸೀಳ್ತೇವಂದ್ರ ಹೂಂ ಅನ್ನು. ನಾ ಹೊಲಿಯೂದಿಲ್ಲ."

"ಒಂದ ಅಂಗಿ ಅಕ್ಕಾ, ದೂರದಿಂದ ಬಂದೇನಿ."

ಸುಮಂಗಲಾ ಮಂಚದ ಕಡೆ ನೋಡಿದಳು. ಊರ್ಮಿಳಾ ಎಲ್ಲ ಕೇಳಿಸಿಕೊಂಡಿದ್ದಳು. "ತೋರಸವಾ," ಎಂದಳು. "ತೋರಸು, ನೋಡ್ಲಿ."

ಸುಮಂಗಲಾ ಮಗಳ ಹೊದಿಕೆ ಸರಿಸಿ, ಅಂಗಿಯ ಹಿಂದಿನ ಲಾಡಿ ಬಿಚ್ಚಿದಳು. ರಾಜಮಾಬಿ ನೋಡಿದಳು. ನೋಡಿದವಳೇ ತನ್ನ ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿ ಎತ್ತಿಕೊಂಡಳು. ಹೊಸ್ತಿಲು ದಾಟಿ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೋದಳು. ಬಾಗಿಲಾಚೆ ಜಗಲಿಯಲ್ಲಿದ್ದ ಖಾಸಿಂಬಿಗೆ, "ಕುಂದಗೋಳದಾಗ ಬ್ಯಾರೆ ಯಾರರ ಹೊಲಿಯವರದಾರೇನ್ರಿ?" ಎಂದು ಕೇಳಿದ್ದು ಒಳಗೂ ಕೇಳಿಸಿತು. ಖಾಸಿಂಬಿ ಏನು ಹೇಳಿದಳೋ ಕೇಳಿಸಲಿಲ್ಲ.

ಸುಮಂಗಲಾ ಲಾಡಿ ಕಟ್ಟುತ್ತಿದ್ದಳು.

"ಹುಬ್ಬಳ್ಳಿಗೆ ಹೋಗ್ತಾಳಾ ಅವ್ವಾ ಆಕಿ?"

"ಯಾರಿಗೊತ್ತವಾ."

ಊರ್ಮಿಳಾ ಒಂದು ಉಸಿರು ತೆಗೆದುಕೊಂಡಳು, ಮಾತಿಗೆ ಸಾಲದೆ ಇನ್ನೊಂದು ತೆಗೆದುಕೊಂಡಳು. "ಅವಾಗ ನಿನಗ ಯಾರರ ಹಿಂಗ ತೋರಸಿದ್ರ, ನೀ ಹೋಗ್ತಿದ್ಯೇನ?"

ಸುಮಂಗಲಾ ಲಾಡಿಯ ಗಂಟು ಬಿಗಿದಳು. ಸುಳ್ಳು ಹೇಳಬಹುದಿತ್ತು.

"ಇಲ್ಲ," ಎಂದಳು.

ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಒಂದು ಕೈ ತಲೆಯ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಹಾಕಿ ಮಗಳನ್ನು ಗೋಡೆಯ ಕಡೆಗೆ ತಿರುಗಿಸಿದಳು.